ಮಾಳಮಡ್ಡಿಯ ಹಳೇ ಮನಿಗೆ ಯಾವ ರೂಟರ್ ತಗೋಬೇಕು? ಗ್ವಾಡಿ ಎರಡು ಫೂಟ್ ದಪ್ಪ ಅವ

ಮಾಳಮಡ್ಡಿ ಅಕ್ಕ · ಶನಿವಾರ ಬೆಳಿಗ್ಗೆ

ಎಲ್ಲಾರಿಗೂ ನಮಸ್ಕಾರ. ಧಾರವಾಡ ಮಾಳಮಡ್ಡಿಯೊಳಗ ನಮ್ಮದು ಹಳೇ ಮನಿ. ಮಣ್ಣಿನ ಗ್ವಾಡಿ, ಎರಡು ಫೂಟ್ ದಪ್ಪ. ಮುಂದ ಕಟ್ಟಿ, ಅದನ್ನ ದಾಟಿದ್ರ ಪಡಸಾಲಿ, ನಡುಮನಿ, ಅಡಗಿ ಮನಿ, ಕಡೀಕ ಹಿತ್ತಲಿಗೆ ಹತ್ತಿಕೊಂಡು ಒಂದು ಖೋಲಿ. ಅಗಲ ಕಡಿಮಿ, ಉದ್ದ ಭಾಳ.

200 ಎಂಬಿಪಿಎಸ್ ಫೈಬರ್ ಹಾಕಿಸೇವಿ. ಜೋಡಿಸಲಿಕ್ಕೆ ಬಂದ ಹುಡುಗ ಡಬ್ಬಿಯನ್ನ ಪಡಸಾಲಿ ಗ್ವಾಡಿಯ ಗೂಡಿನೊಳಗ ಇಟ್ಟು ಹೋದ. ಮೊದಲ ಆ ಗೂಡಿನೊಳಗ ಚಿಮಣಿ ಇಡ್ತಿದ್ರಂತ. ಅದರ ಬಾಜೂಕನ ಕಬ್ಬಿಣದ ಟ್ರೆಜರಿ ಅದ. ಪಡಸಾಲಿಯೊಳಗ ಕೂತ್ರ ಎಲ್ಲಾ ಛಲೋ. ಆದ್ರ ನಾನು ಹಿಂದಿನ ಖೋಲಿಯೊಳಗ ಕೂತು ಹತ್ತನೇತ್ತಾ ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳ್ತೀನಿ. ಪ್ರಮೇಯ ಅರ್ಧಕ್ಕ ಬರೋದ್ರಾಗ ಚಿತ್ರ ನಿಂತುಬಿಡ್ತದ. "ಮಿಸ್, ನಿಮ್ಮ ಧ್ವನಿ ಕಡದು ಕಡದು ಬರ್ಲಿಕ್ಕತ್ತದ" ಅಂತ ಬರೀತಾರ. ನಿನ್ನೆ ಪೈಥಾಗೊರಸ್ ಪ್ರಮೇಯ ಮೂರು ಸಲ ಹೇಳಬೇಕಾತು. ಪರೀಕ್ಷಾ ಹತ್ರ ಬಂದಾವ, ಮಕ್ಕಳ ಹೊತ್ತು ಹಾಳಾಗ್ತದ ಅಂತ ನನಗ ರಾತ್ರಿ ನಿದ್ದಿ ಹತ್ತವಲ್ತು.

ಹುಬ್ಬಳ್ಳಿಗೆ ಹೋದಾಗ ಒಂದು ಅಂಗಡಿಯೊಳಗ ಕೇಳಿದೆ. ಆರು ಆಂಟೆನಾದ ರೂಟರ್ ತೋರಿಸಿದ್ರು, 9 ಸಾವಿರ. "ನಾಲ್ಕು ಗ್ವಾಡಿ ಇದ್ರೂ ಹಾದು ಹೋಗ್ತದ" ಅಂದ್ರು. ತಗೊಳ್ಳೇನು?

ಕೇಶ್ವಾಪುರ 3ನೇ ಮಹಡಿ

ತಗೋರಿ ಅಕ್ಕಾರ. ನಾನೂ ಅಂಥಾದ್ದ ತಗೊಂಡೇನಿ. ಮೂರು ಬೆಡ್‌ರೂಮ್ ಫ್ಲ್ಯಾಟ್ ಪೂರಾ ಬರ್ತೈತಿ, ಲಿಫ್ಟ್ ಹತ್ರ ಹೋದ್ರೂ ಸಿಗತೈತಿ.

ಗೋಕುಲ ರೋಡ್ ವಾಯರಿಂಗ್

ಅಕ್ಕಾರ, ರೊಕ್ಕ ಕೊಡಾಕ ಒಂದು ದಿನ ತಡೀರಿ. 14 ವರ್ಷ ಆತು, ಹುಬ್ಬಳ್ಳಿ-ಧಾರವಾಡದಾಗ ಮನಿಗೆ, ಆಫೀಸಿಗೆ, ದವಾಖಾನಿಗೆ ನೆಟ್ ವಾಯರ್ ಎಳ್ಯಾಕತ್ತೇನಿ. ಕೇಶ್ವಾಪುರದ ಅಣ್ಣಾ ಹೇಳಿದ್ದು ಸುಳ್ಳಲ್ಲ, ಆದ್ರ ಅವರ ಫ್ಲ್ಯಾಟ್‌ದಾಗ ಇರೋದು ತೆಳ್ಳನ ಇಟ್ಟಂಗಿ ಗ್ವಾಡಿ. ನಿಮ್ಮದು ಎರಡು ಫೂಟ್ ಮಣ್ಣು, ಅದೂ ಒಂದರ ಹಿಂದ ಒಂದು. ಮಳಿಗಾಲದಾಗ ಆ ಮಣ್ಣು ಹಸಿ ಹಿಡಿತೈತಿ. ಹಸಿ ಮಣ್ಣು ವೈ-ಫೈನ ನುಂಗಿಬಿಡತೈತಿ.

ಆಂಟೆನಾದ ಮಾತು ಬಂತಂದ್ರ ನಾನು ರೊಟ್ಟಿ ಲೆಕ್ಕದಾಗ ಹೇಳ್ತೀನಿ. ಹಿಟ್ಟಿನ ಉಂಡಿ ಇದ್ದಷ್ಟ ಇರತೈತಿ. ಬಡದಂಗ ಬಡದಂಗ ರೊಟ್ಟಿ ಅಗಲ ಆಗತೈತಿ, ತೆಳ್ಳಗ ಆಗತೈತಿ, ಹಿಟ್ಟು ಹೆಚ್ಚಾಗಂಗಿಲ್ಲ. ಆಂಟೆನಾದ ಗೇನ್ ಅಂದ್ರ ಅದ ರೀ. ಅಡ್ಡ ಪಸರಸತೈತಿ, ಮ್ಯಾಲೆ ಕೆಳಗ ಕಡಿಮಿ ಆಗತೈತಿ. ಇನ್ನ ರೂಟರ್ ಎಷ್ಟ ಜೋರ್ ಒದರಿದ್ರೂ ಅರ್ಧ ಕೆಲಸ ಅಷ್ಟ. ನಿಮ್ಮ ಲ್ಯಾಪ್‌ಟಾಪ್ ಹೇಳಿದ್ದು ಅದಕ್ಕ ತಿರುಗಿ ಕೇಳಬೇಕಲ್ಲ? ಲ್ಯಾಪ್‌ಟಾಪಿನ ಆಂಟೆನಾ ಸಣ್ಣದು, ಅದು ಬದಲಾಗಂಗಿಲ್ಲ. ಪಾಠ ಹೇಳುವಾಗ ನಿಮ್ಮ ಚಿತ್ರ, ಧ್ವನಿ ಹೊರಗ ಹೋಗಬೇಕು. ಸಿಕ್ಕೊಂಡಿದ್ದು ಅಲ್ಲೇ.

ಇವತ್ತ ಒಂದು ಕೆಲಸ ಮಾಡ್ರಿ. ಲ್ಯಾಪ್‌ಟಾಪನ್ನ ಕಂಪನಿ ಡಬ್ಬಿಗೆ ವಾಯರ್‌ದಿಂದ ಜೋಡಿಸಿ ಸ್ಪೀಡ್ ನೋಡ್ರಿ. ಆಮ್ಯಾಲೆ ಫೋನಿನಾಗ ವೈ-ಫೈ ಅನಲೈಜರ್ ಆ್ಯಪ್ ಹಾಕ್ಕೊಂಡು ಪ್ರತಿ ಖೋಲಿಯೊಳಗ ನಿಂತು ಡಿಬಿಎಂ (ಸಿಗ್ನಲ್ ಬಲದ ಅಳತಿ) ಎಷ್ಟು ಅಂತ ಬರಕೋರಿ. ಗೂಡಿನಿಂದ ಡಬ್ಬಿ ಹೊರಗ ತಗದು ಮತ್ತೊಮ್ಮೆ ಬರಕೋರಿ. ಗೂಡಂದ್ರ ಮೂರೂ ಕಡೆ ಮಣ್ಣು, ನಾಕನೇದ್ದಕ್ಕ ನಿಮ್ಮ ಟ್ರೆಜರಿ. ತಗಿಯುವಾಗ ಫೈಬರ್ ದಾರ ಬಿಗಿ ಮಡಚಬ್ಯಾಡ್ರಿ, ಒಳಗ ಗಾಜಿನ ಎಳಿ ಇರತೈತಿ. ಅದರ ತುದಿ ಬಿಚ್ಚಿದ್ರ ಕಣ್ಣಿಗೆ ಹಿಡದು ನೋಡಬ್ಯಾಡ್ರಿ, ಅದರೊಳಗಿನ ಬೆಳಕು ಕಣ್ಣಿಗೆ ಕಾಣಂಗಿಲ್ಲ.

ನವನಗರ ಮಾಸ್ತರ

ನಾನು ಭೌತಶಾಸ್ತ್ರ ಕಲಿಸಿದವನು, ಆ ಡಿಬಿಎಂ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಅದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು. 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತನೇ ಒಂದು ಭಾಗ, 20 ಇಳಿದರೆ ನೂರನೇ ಒಂದು ಭಾಗ. −50 ಸುತ್ತ ಇದ್ದರೆ ಉತ್ತಮ. ವಿಡಿಯೊ ಕರೆಗೆ −67ರ ಮೇಲೆ ಇರಬೇಕು ಎನ್ನುವುದು ಸಾಮಾನ್ಯ ಲೆಕ್ಕ. −80ಕ್ಕೆ ಹೋದರೆ ಸಂಪರ್ಕ ಇದ್ದೂ ಇಲ್ಲದ ಹಾಗೆ.

ಇನ್ನು ನಿಮ್ಮ ವೈ-ಫೈ 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ಬಗೆಯ ರೇಡಿಯೊ ಅಲೆಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, 5 ಗಿಗಾಹರ್ಟ್ಜ್‌ನದು ಅದರ ಅರ್ಧಕ್ಕಿಂತಲೂ ತುಸು ಕಡಿಮೆ. ಗೋಡೆಯನ್ನು ದಾಟುವುದರಲ್ಲಿ 2.4 ಗಟ್ಟಿ, ವೇಗದಲ್ಲಿ 5 ಮುಂದೆ. ತಂಗಿ, ನೀವು ಗಣಿತದವರು, ಈ ಲಾಗರಿದಮ್ ನಿಮಗೆ ಹೊಸದಲ್ಲ. ಮನೆಯ ನಕ್ಷೆ ಬರೆದು ಅದರ ಮೇಲೆಯೇ ಅಂಕಿ ಗುರುತು ಮಾಡಿ.

ಸಪ್ತಾಪುರ ಪಿಜಿ

ನಮ್ಮ ಪಿಜಿಯೊಳಗ ಪ್ರತಿ ಮಹಡಿಗೆ ಎಕ್ಸ್‌ಟೆಂಡರ್ (ವೈ-ಫೈನ ಹಿಡದು ಮುಂದ ದಾಟಿಸೋ ಡಬ್ಬಿ) ಹಚ್ಚ್ಯಾರ. ಫೋನಿನಾಗ ಫುಲ್ ಕಡ್ಡಿ ತೋರಸತೈತಿ, ಆದ್ರ ಕೋಚಿಂಗ್ ವಿಡಿಯೊ ತಗದ್ರ ಸುತ್ತಕೋಂತ ಕೂಡತೈತಿ. ಕೆಪಿಎಸ್‌ಸಿಗೆ ಓದಾಕತ್ತೇನಿ, ರಾತ್ರಿ ಹತ್ತರ ಮ್ಯಾಲೆ ಕೂತ್ರ ಒಂದು ತಾಸಿನ ಪಾಠಕ್ಕ ಎರಡು ತಾಸು ಹಿಡಿತೈತಿ. ಕಡ್ಡಿ ಪೂರಾ ಇದ್ರೂ ಯಾಕ ಹಿಂಗ?

ಗೋಕುಲ ರೋಡ್ ವಾಯರಿಂಗ್

ತಮ್ಮಾ, ಆ ಕಡ್ಡಿ ನಿನ್ನ ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿಂದು. ಎಕ್ಸ್‌ಟೆಂಡರಿಗೂ ಕೆಳಗಿನ ರೂಟರಿಗೂ ನಡುವ ಎಷ್ಟೈತಿ ಅಂತ ಅದು ತೋರ್ಸಂಗಿಲ್ಲ. ಮ್ಯಾಲಿಂದ ಅಗ್ಗದ ಎಕ್ಸ್‌ಟೆಂಡರ್ ಒಂದ ರೇಡಿಯೊದಾಗ ಕೇಳಬೇಕು, ಅದರಾಗನ ತಿರುಗಿ ಹೇಳಬೇಕು. ಅಲ್ಲೇ ವೇಗ ಅರ್ಧಾತು. ಅದರ ಮ್ಯಾಲೆ ಇನ್ನೊಂದು ಎಕ್ಸ್‌ಟೆಂಡರ್ ಹಚ್ಚಿದ್ರ ಅರ್ಧದಾಗ ಮತ್ತ ಅರ್ಧ. ರಾತ್ರಿ ಎಲ್ಲಾರೂ ಒಮ್ಮೆಲೆ ಕೂಡ್ತೀರಿ, ಅದೂ ಒಂದು ಕಾರಣ. ಪಿಜಿ ಮಾಲೀಕರಿಗೆ ಹೇಳು, ಮಹಡಿಗೊಂದು ವಾಯರ್ ಎಳಿಸಲಿ. ಅಲ್ಲಿತನಕಾ ಓದೋ ವಿಡಿಯೊ ಮುಂಜಾನೆದ್ದು ಡೌನ್‌ಲೋಡ್ ಮಾಡಿ ಇಟ್ಟಕೋ, ಓದು ನಿಲ್ಲಿಸಬ್ಯಾಡ.

ಮಾಳಮಡ್ಡಿ ಅಕ್ಕ · ಭಾನುವಾರ

ಅಣ್ಣಾವ್ರ, ಮಾಸ್ತರ್ರ, ನೀವು ಹೇಳಿದಂಗ ಮಾಡಿದೆ. ವಾಯರ್‌ದಿಂದ ನೇರ ಜೋಡಿಸಿದ್ರ 196 ಬಂತು. ಅಂದ್ರ ಕಂಪನಿಯಿಂದ ಬರೋದು ಸರಿ ಅದ.

ಡಬ್ಬಿ ಗೂಡಿನೊಳಗ ಇದ್ದಾಗ ಪಡಸಾಲಿ −41, ನಡುಮನಿ −62, ಅಡಗಿ ಮನಿ −76. ಹಿಂದಿನ ಖೋಲಿಯೊಳಗ 5 ಗಿಗಾಹರ್ಟ್ಜ್ ಹೆಸರ ಕಾಣಲಿಲ್ಲ, 2.4 ಮಾತ್ರ −79. ಅಲ್ಲಿ ಸ್ಪೀಡ್ 6, ಹೊರಗ ಹೋಗೋದು ಒಂದೂ ಪೂರಾ ಇಲ್ಲ.

ಗೂಡಿನಿಂದ ತಗದು ಪುಸ್ತಕದ ಕಪಾಟಿನ ಮ್ಯಾಲೆ ಇಟ್ಟೆ. ಅಡಗಿ ಮನಿ −70 ಆತು, ಹಿಂದಿನ ಖೋಲಿ −74. ಸ್ಪೀಡ್ 14, ಒಮ್ಮೊಮ್ಮೆ 9. ಒಂದು ರೂಪಾಯಿ ಖರ್ಚಿಲ್ಲದ ಇಷ್ಟು ಬದಲಾತು! ಆದ್ರ ಇವತ್ತಿನ ಪಾಠದೊಳಗ ಎರಡು ಸಲ ಮತ್ತ ನಿಂತಿತು.

ಕೇಶ್ವಾಪುರ 3ನೇ ಮಹಡಿ

ಹಂಗಾರ ಮೆಶ್ ತಗೊಂಡ್ರ ಹೆಂಗ? ಎರಡು ಡಬ್ಬಿದ್ದು ಬರ್ತಾವ, ಒಂದು ಮುಂದ, ಒಂದು ಹಿಂದ. ನನ್ನ ಮಾತು ಕೇಳಿ ಅಕ್ಕಾರು 9 ಸಾವಿರ ಕೊಟ್ಟಿದ್ರ ನನಗ ಕೆಟ್ಟ ಅನಸ್ತಿತ್ತು.

ಗೋಕುಲ ರೋಡ್ ವಾಯರಿಂಗ್

ಮೆಶ್ ಛಲೋ ಸಾಮಾನು. ಒಂದು ಹೆಸರು, ಒಂದು ಪಾಸ್‌ವರ್ಡ್, ಅಡ್ಡಾಡಿದಂಗ ಫೋನ್ ಹತ್ತಿರದ ಡಬ್ಬಿಗೆ ಹತ್ತಕೊಂತೈತಿ. ಆದ್ರ ಎರಡು ಡಬ್ಬಿ ನಡುವ ಗಾಳಿಯೊಳಗ ಮಾತಾಡೋದಾದ್ರ ಆ ಮಾತೂ ಅದ ಮಣ್ಣಿನ ಗ್ವಾಡಿ ದಾಟಬೇಕು. ಇಂಥಾ ಮನಿಯೊಳಗ ಮೆಶ್ ಹಚ್ಚಿಸಿ ಆಮ್ಯಾಲೆ ನನ್ನ ಕರದವರು ಅದಾರ. ನಡುವ ವಾಯರ್ ಹಾಕಿದ ಮ್ಯಾಲೆ ಸರಿ ಆತು. ವಾಯರ್ ಹಾಕೋದ ಖರೆ ಆದ್ರ ಸಾದಾ ರೂಟರೂ ಆ ಕೆಲಸಾ ಮಾಡತೈತಿ.

ಅಕ್ಕಾರ, ನಿಮ್ಮ ಅಂಕಿ ನೋಡಿ ಹೇಳ್ತೀನಿ. ಪಡಸಾಲಿ ಡಬ್ಬಿಯಿಂದ ಹಿಂದಿನ ಖೋಲಿತನಕಾ ಒಂದು ಕ್ಯಾಟ್ 6 ವಾಯರ್ (ನೆಟ್ ವಾಯರಿನ ಒಂದು ದರ್ಜೆ) ಎಳೀರಿ. ಅಲ್ಲಿ ಒಂದು ಮಧ್ಯಮ ಬೆಲೆಯ ರೂಟರ್ ಇಟ್ಟು ಆಕ್ಸೆಸ್ ಪಾಯಿಂಟ್ ಮೋಡ್‌ದಾಗ ನಡಸ್ರಿ, ಅಂದ್ರ ವಾಯರ್‌ದಿಂದ ಬಂದ ನೆಟ್‌ನ ಅದು ಬರೇ ವೈ-ಫೈ ಮಾಡಿ ಕೊಡತೈತಿ. ಕಂಪನಿ ಡಬ್ಬಿ ತಗದು ಹಾಕೋ ಹಂಗಿಲ್ಲ, ಫೈಬರ್ ಬೆಳಕನ್ನ ನೆಟ್ ಮಾಡೋದ ಅದು, ಮತ್ತ ಅದರ ನಂಬರ್ ಕಂಪನಿಯವರ ಕಡೆ ನೋಂದಣಿ ಆಗಿರತೈತಿ.

ರೂಟರ್ ನೋಡುವಾಗ ಡಬ್ಬಿ ಮ್ಯಾಲಿನ ದೊಡ್ಡ ಅಂಕಿ ಮೊದಲ ನೋಡಬ್ಯಾಡ್ರಿ. ಎಸಿ1200 ಅಂದ್ರ 2.4ರಾಗ 300, 5ರಾಗ 867, ಎರಡೂ ಕೂಡಿಸಿ ಮ್ಯಾಲಕ್ಕ ಹತ್ತಿಸಿದ್ದು. ಎಎಕ್ಸ್1500 ಅಂದ್ರ 300 ಮತ್ತ 1201. ಒಂದು ಫೋನ್ ಒಂದು ಸಲಕ್ಕ ಒಂದರಾಗ ಇರತೈತಿ, ಆ ಲೆಕ್ಕದ ವೇಗಾನೂ ಕೈಗೆ ಪೂರಾ ಬರಂಗಿಲ್ಲ. ನೋಡಬೇಕಾದ್ದು ಹಿಂದಿನ ಪೋರ್ಟ್, ಅಂದ್ರ ವಾಯರ್ ಸಿಗಿಸೋ ತೂತು. 100ರ ಪೋರ್ಟ್ ಇದ್ರ ನಿಮ್ಮ 200ರ ಪ್ಲ್ಯಾನ್ 94ಕ್ಕ ನಿಂತುಬಿಡತೈತಿ. ಟಿಪಿ-ಲಿಂಕ್ ಆರ್ಚರ್ ಸಿ50 ಮತ್ತ ಸಿ6 ಎರಡೂ ಎಸಿ1200 ಅಂತನ ಮಾರ್ತಾರ. ಸಿ50ಕ್ಕ ಇರೋದು 100ರ ಪೋರ್ಟ್, ಸಿ6ಕ್ಕ ಗಿಗಾಬಿಟ್, ಅಂದ್ರ 1000ದ್ದು. 100ರ ಪ್ಲ್ಯಾನ್ ಇದ್ದವರಿಗೆ ಸಿ50 ಸಾಕು. ನಿಮಗ ಗಿಗಾಬಿಟ್ ಬೇಕು.

ಹೊಸಾದು ತಗೊಳ್ಳೋದಾದ್ರ ವೈ-ಫೈ 6 ಇದ್ದದ್ದು (ಡಬ್ಬಿ ಮ್ಯಾಲೆ ಎಎಕ್ಸ್ ಅಂತ ಇರತೈತಿ) ತಗೋರಿ, ಎಎಕ್ಸ್1500 ಧಾರಾಳ ಆತು. ಭಾಳ ಮಂದಿ ಒಮ್ಮೆಲೆ ಕೂತಾಗ ಅದು ಸರದಿ ಛಲೋ ಹಚ್ಚತೈತಿ, ಡಬ್ಲ್ಯೂಪಿಎ3 ಭದ್ರತೆನೂ ಬರತೈತಿ. ಅದಕ್ಕಿಂತಾ ಮ್ಯಾಲಿಂದಕ್ಕ ರೊಕ್ಕ ಹಾಕಬ್ಯಾಡ್ರಿ. ಆ ರೊಕ್ಕ ವಾಯರಿಗೆ ಹಾಕ್ರಿ.

ವಾಯರ್ ವಿಷಯದಾಗ ನನಗ ಒಂದು ನೋವು ಐತಿ, ಹೇಳಿಬಿಡ್ತೀನಿ. ನಾಕು ವರ್ಷದ ಹಿಂದ ಹಾವೇರಿಯೊಳಗ ಒಂದು ಮನಿಗೆ ಅಂಗಡಿಯವ ಕೊಟ್ಟ ಕ್ಯಾಟ್ 6 ನಂಬಿ ಎಳದೆ. ಗ್ವಾಡಿಯೊಳಗ ಪೈಪ್ ಹಾಕಿ, ಪ್ಲಾಸ್ಟರ್ ಮಾಡಿ, ಬಣ್ಣಾನೂ ಆತು. ಆರು ತಿಂಗಳಿಗೆ ಗಿಗಾಬಿಟ್ ಹೋಗಿ 100ಕ್ಕ ಬಿತ್ತು. ಬಿಚ್ಚಿ ನೋಡಿದ್ರ ಎಳಿ ತಾಮ್ರದ್ದಲ್ಲ, ಅಲ್ಯೂಮಿನಿಯಂ ಮ್ಯಾಲೆ ತಾಮ್ರದ ಲೇಪ. ಜೋಡಿನೊಳಗ ಒಂದು ಮುರದಿತ್ತು. ಗಿಗಾಬಿಟ್‌ಗೆ ನಾಕೂ ಜೋಡಿ ಬೇಕು, 100ಕ್ಕ ಎರಡ ಸಾಕು, ಅದಕ್ಕ ಅದು ಪೂರಾ ಬಂದ್ ಆಗದ 100ಕ್ಕ ಇಳದಿತ್ತು. ಆ ಮನಿಯ ಕಾಕಾನ ಮುಂದ ತಲಿ ತಗ್ಗಿಸಿ ನಿಂತು, ನನ್ನ ರೊಕ್ಕದಾಗ ಮತ್ತ ಎಳದ ಕೊಟ್ಟೆ. ಅವತ್ತಿನಿಂದ ಅಂಗಡಿಯೊಳಗನ ಒಂದು ಎಳಿ ಚಾಕುಲೆ ಕೆರದು ನೋಡ್ತೀನಿ. ಒಳಗ ಬೆಳ್ಳಗ ಕಂಡ್ರ ತಗೊಳ್ಳಂಗಿಲ್ಲ. ನೀವೂ ಹಂಗ ಮಾಡ್ರಿ, ನಾಚಬ್ಯಾಡ್ರಿ.

ಮಾಳಮಡ್ಡಿ ಅಕ್ಕ

ನೀವು ಹೇಳಿದ್ದು ಮನಸಿಗೆ ಬಂತು. ಒಂದ ತೊಂದರಿ, ಗ್ವಾಡಿ ಕೊರಿಯೋದು ಅತ್ತಿಯವರಿಗೆ ಒಪ್ಪಿಗಿ ಇಲ್ಲ. ಹಳೇ ಮಣ್ಣು, ಒಂದು ಕಡೆ ಕೊರದ್ರ ಇನ್ನೊಂದು ಕಡೆ ಉದುರ್ತದ ಅಂತಾರ. ಅವರು ಹೇಳೋದೂ ಖರೆ ಅದ, ಹೋದ ವರ್ಷ ಫ್ಯಾನಿನ ವಾಯರಿಗೆ ಕೊರದಾಗ ಒಂದು ಬುಟ್ಟಿ ಮಣ್ಣು ಬಿತ್ತು.

ಗೋಕುಲ ರೋಡ್ ವಾಯರಿಂಗ್

ಅಜ್ಜಿಯವರ ಮಾತು ಸರಿ ಐತಿ. ಕೊರಿಯೋದು ಬ್ಯಾಡ. ಅವರನ್ನ ಕೇಳ್ರಿ, ಹಳೇ ಮನಿಯೊಳಗ ಎಲ್ಲೆಲ್ಲಿ ಕಿಂಡಿ ಇದ್ದುವು ಅಂತ. ಬೆಳಕಿಂಡಿ, ಹೊಗಿ ಕಿಂಡಿ, ಜಂತಿ ಸಂದು, ಏನರ ಒಂದು ಇದ್ದ ಇರತೈತಿ. ವಾಯರ್‌ನ ತೊಲಿ ಬಗಲಾಗ ಕ್ಲಿಪ್ ಹೊಡಕೋಂತ ಹೋಗ್ರಿ. ಕರೆಂಟಿನ ವಾಯರ್ ಇದ್ದ ಪಟ್ಟಿಯೊಳಗ ಮಾತ್ರ ಇದನ್ನ ಹಾಕಬ್ಯಾಡ್ರಿ, ಬ್ಯಾರೆ ದಾರಿ ಇರಲಿ. 100 ಮೀಟರ್‌ತನಕಾ ಗಿಗಾಬಿಟ್ ಹೋಗತೈತಿ, ನಿಮಗ ಉದ್ದದ ಚಿಂತಿಲ್ಲ.

ಬ್ಯಾಡಗಿ ಅಡತಿ

ನಡುವ ಬಾಯಿ ಹಾಕ್ತೇನಿ, ಕ್ಷಮಿಸ್ರಿ. ನಮ್ಮದು ಮೆಣಸಿನಕಾಯಿ ಅಡತಿ ಅಂಗಡಿ. ಕರೆಂಟ್ ಹೋದಕೂಡ್ಲೆ ನೆಟ್ ಹೋಗತೈತಿ. ರೂಟರಿಗೆ ಸಣ್ಣ ಯುಪಿಎಸ್ ಬರತೈತಿ ಅಂತಾರಲ್ಲ, ಅದರ ಮ್ಯಾಲೆ 8800 ಎಂಎಎಚ್ ಅಂತ ಬರದೈತಿ. ಎಷ್ಟೊತ್ತು ತಡಿತೈತಿ?

ನವನಗರ ಮಾಸ್ತರ

ಆ 8800 ಎನ್ನುವುದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಬ್ಯಾಟರಿಯ ಲೆಕ್ಕ, 12 ವೋಲ್ಟ್‌ನದಲ್ಲ. 8.8 ಗುಣಿಸು 3.7 ಅಂದರೆ ಸುಮಾರು 32.5 ವ್ಯಾಟ್-ಗಂಟೆ. ವೋಲ್ಟೇಜ್ ಏರಿಸುವಾಗ ಸ್ವಲ್ಪ ನಷ್ಟ, ಕೈಗೆ 27 ಸಿಕ್ಕಿತು ಎಂದುಕೊಳ್ಳಿ. ನಿಮ್ಮ ಸಾಧನ 10 ವ್ಯಾಟ್ ಎಳೆದರೆ ಎರಡೂಮುಕ್ಕಾಲು ಗಂಟೆಯ ಹತ್ತಿರ. ಬ್ಯಾಟರಿ ಹಳೆಯದಾದಂತೆ ಇದು ಇಳಿಯುತ್ತದೆ.

ಗೋಕುಲ ರೋಡ್ ವಾಯರಿಂಗ್

ಮಾಸ್ತರ್ರ ಲೆಕ್ಕಕ್ಕ ಒಂದು ಸೇರಸ್ತೀನಿ. ಫೈಬರ್ ಡಬ್ಬಿ ಬ್ಯಾರೆ, ರೂಟರ್ ಬ್ಯಾರೆ ಇದ್ರ ಎರಡಕ್ಕೂ ಯುಪಿಎಸ್ ಬೇಕು. ಒಂದಕ್ಕ ಹಚ್ಚಿದ್ರ ವೈ-ಫೈ ಇರತೈತಿ, ನೆಟ್ ಇರಂಗಿಲ್ಲ. ಅಡಾಪ್ಟರ್ ಮ್ಯಾಲೆ 12 ವೋಲ್ಟ್ ಇದ್ರ ಯುಪಿಎಸ್ಸೂ 12 ವೋಲ್ಟಿಂದ ಇರಬೇಕು, 9ರದಕ್ಕ 12 ಕೊಟ್ರ ಸುಡಬಹುದು. ಆಂಪಿಯರ್ ಹೆಚ್ಚಿದ್ರ ಅಡ್ಡಿಲ್ಲ, ಕಡಿಮಿ ಇರಬಾರದು.

ಬೆಟಗೇರಿ ಮಗ್ಗ

ನಮಗೂ ಒಂದು ದಾರಿ ಹೇಳ್ರಿ ಅಣ್ಣಾ. ಗದಗ-ಬೆಟಗೇರಿ. ಮನಿ ಮುಂದ, ಅಂಗಳದ ಆಚೆ ಮಗ್ಗದ ಮನಿ, ನಡುವ 30 ಮೀಟರ್ ಐತಿ. ಸೀರಿ ಗಿರಾಕಿಗೋಳು ವಿಡಿಯೊ ಕರೆ ಮಾಡಿ ಮಗ್ಗದ ಮ್ಯಾಲಿನ ಸೆರಗು ತೋರಸ್ರಿ ಅಂತಾರ. ಅಲ್ಲಿ ಫೋನ್ ಹಿಡದ್ರ ಬಣ್ಣ ಯಾವುದೂ ಗೊತ್ತಾಗಂಗಿಲ್ಲ, ಚೌಕ ಚೌಕ ಕಾಣತೈತಿ. ಅಂಗಳದಾಗ ಕ್ಯಾಟ್ 6 ಮ್ಯಾಲೆ ಎಳದ್ರ ನಡಿತೈತೇನು?

ಗೋಕುಲ ರೋಡ್ ವಾಯರಿಂಗ್

ನಡಿತೈತಿ, ಆದ್ರ ನಾನು ಬ್ಯಾಡ ಅಂತೀನಿ. ಎರಡು ಕಟ್ಟಡದ ನಡುವ ಬಯಲಾಗ ತಾಮ್ರ ಎಳದ್ರ, ಗುಡುಗು ಸಿಡ್ಲು ಹೊತ್ತಿನ್ಯಾಗ ಆ ವಾಯರ್‌ದಾಗಿಂದ ಎರಡೂ ಕಡೆ ಸಾಮಾನು ಸುಡಬಹುದು. ಬಿಸಲಿಗೆ ಸಾದಾ ವಾಯರಿನ ಹೊದಿಕೆನೂ ಒಡಿತೈತಿ. ಲೋಹದ ತಂತಿ ಇಲ್ಲದ ಫೈಬರ್ ಎಳಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿಗೂ ನೆಟ್ ವಾಯರಿಗೂ ಜೋಡಿಸೋ ಡಬ್ಬಿ) ಹಚ್ಚಸ್ರಿ. ಫೈಬರಿನಾಗ ಕರೆಂಟ್ ಹರಿಯಂಗಿಲ್ಲ. ಮಗ್ಗದ ಮನಿಯೊಳಗ ಒಂದು ಸಾದಾ ರೂಟರ್ ಸಾಕು. ನೂಲಿನ ಧೂಳು ಅದರ ಗಾಳಿ ತೂತಿನೊಳಗ ಕೂಡತೈತಿ, ವಾರಕ್ಕೊಮ್ಮೆ ಕುಂಚಲೆ ಝಾಡಸ್ರಿ.

ಮಾಳಮಡ್ಡಿ ಅಕ್ಕ · ಎರಡು ವಾರದ ಮ್ಯಾಲೆ

ಕೆಲಸ ಆತು! ಅದನ್ನ ಹೇಳಲಿಕ್ಕೆ ಬಂದೆ.

ಅತ್ತಿಯವರನ್ನ ಕಿಂಡಿ ಬಗ್ಗೆ ಕೇಳಿದೆ. ಅವರು ಸೀದಾ ಅಡಗಿ ಮನಿಗೆ ಕರಕೊಂಡು ಹೋಗಿ ಮೂಲ್ಯಾಗ ಮ್ಯಾಲೆ ಬೊಟ್ಟು ಮಾಡಿ ತೋರಿಸಿದ್ರು. ಕಟ್ಟಿಗಿ ಒಲಿ ಇದ್ದಾಗಿನ ಹೊಗಿ ಕಿಂಡಿ. ಹಿಂದಿನ ಖೋಲಿ ಆಮ್ಯಾಲೆ ಕಟ್ಟಿದ್ದು, ಹಂಗಾಗಿ ಆ ಕಿಂಡಿ ಈಗ ಖೋಲಿಯೊಳಗನ ತೆರೀತದ. ಹಂಚಿನ ತುಂಡು ಇಟ್ಟು ಸುಣ್ಣ ಬಳದಿದ್ರು. ಹಂಚು ಸರಿಸಿದ್ರ ಅಂಚಿಗೆ ಇನ್ನೂ ಕರೀ ಮಸಿ ಇತ್ತು, ಬೆರಳಿಗೆ ಹತ್ತಿತು. "ನಾ ಈ ಮನಿಗೆ ಬಂದಾಗ ಇಲ್ಲೇ ಊದಿ ಊದಿ ಒಲಿ ಹಚ್ತಿದ್ದೆ" ಅಂದ್ರು ಅತ್ತಿಯವರು. ಉಳಿದ ಎರಡು ಗ್ವಾಡಿಗೆ ಬಾಗಲದ ಮ್ಯಾಲಿನ ಬೆಳಕಿಂಡಿ ಇದ್ದುವು. ಒಂದು ತೂತೂ ಕೊರೀಲಿಲ್ಲ. ನನ್ನ ಮಗ ಏಣಿ ಹತ್ತಿ ತೊಲಿ ಬಗಲಿಗೆ ಕ್ಲಿಪ್ ಹೊಡದ, ಅತ್ತಿಯವರು ಕೆಳಗ ನಿಂತು ವಾಯರ್ ಬಿಟ್ಟು ಕೊಟ್ರು. 22 ಮೀಟರ್ ಹಿಡೀತು. ಅಂಗಡಿಯೊಳಗ ಎಳಿ ಕೆರದು ನೋಡೇ ತಗೊಂಡೆ, ಒಳಗೂ ಕೆಂಪ ಇತ್ತು.

ಎಎಕ್ಸ್1500 ರೂಟರ್, ವಾಯರ್, ಕ್ಲಿಪ್, ತುದಿಗೆ ಪ್ಲಗ್ ಹಚ್ಚಿಸಿದ್ದು ಎಲ್ಲಾ ಸೇರಿ 4 ಸಾವಿರದೊಳಗ ಆತು. ಆಕ್ಸೆಸ್ ಪಾಯಿಂಟ್ ಮೋಡ್ ಹಾಕಿ, ಮುಂದಿನ ಡಬ್ಬಿದ್ದ ಹೆಸರು, ಅದ ಪಾಸ್‌ವರ್ಡ್ ಕೊಟ್ಟೆ. ಒಂದಕ್ಕೊಂದು ಅಡ್ಡ ಬರಬಾರದಂತ 2.4ರ ಚಾನೆಲ್ ಮುಂದಿನದ್ದು 1, ಹಿಂದಿನದ್ದು 11 ಇಟ್ಟೆ. ಅಡ್ಮಿನ್ ಪಾಸ್‌ವರ್ಡೂ ಬದಲಿಸಿದೆ.

ಹಿಂದಿನ ಖೋಲಿ −38, ಸ್ಪೀಡ್ 188. ಮೊನ್ನಿಯಿಂದ ದಿನಾ ಎರಡು ತಾಸು ಪಾಠ ಮಾಡೇನಿ, ಒಮ್ಮೆನೂ ನಿಂತಿಲ್ಲ. ನಿನ್ನೆ ಒಬ್ಬಾಕಿ ಹುಡುಗಿ "ಮಿಸ್, ಇವತ್ತ ನೀವು ಬೋರ್ಡ್ ಮ್ಯಾಲೆ ಬರಿಯೋ ಸಪ್ಪಳಾನೂ ಕೇಳ್ಸತದ" ಅಂದಳು. ನಿಮ್ಮೆಲ್ಲಾರ ಉಪಕಾರ ನಾನು ಮರಿಯೋದಿಲ್ಲ. ಧಾರವಾಡಕ್ಕ ಬಂದ್ರ ಮನಿಗೆ ಬರ್ರಿ, ಊಟ ಮಾಡಿಕೊಂಡ ಹೋಗಬೇಕು. ತೊಲಿ ಮ್ಯಾಲಿನ ವಾಯರ್‌ದು ಫೋಟೊ ಹಾಕೇನಿ, ನೋಡ್ರಿ.

ಕೇಶ್ವಾಪುರ 3ನೇ ಮಹಡಿ

ಭಾಳ ಸಂತೋಷ ಆತು ಅಕ್ಕಾರ. ನಾನೂ ನಿನ್ನೆ ನಮ್ಮ ಟಿವಿಗೆ ವಾಯರ್ ಹಾಕಿದೆ. ಆಗಾಗ ಸುತ್ತತಿತ್ತು, ಬಂದ್ ಆತು.

ಗೋಕುಲ ರೋಡ್ ವಾಯರಿಂಗ್

ಫೋಟೊ ನೋಡಿದೆ. ನಿಮ್ಮ ಮಗನ ಕೈ ಕೆಲಸ ಛಲೋ ಐತಿ, ಕ್ಲಿಪ್ ಎಲ್ಲಾ ಸಮ ಅಂತರಕ್ಕ ಹೊಡದಾನ. ಒಂದ ಕಡೆ ತಿದ್ದಬೇಕು. ನಡುಮನಿ ಬೆಳಕಿಂಡಿಯಿಂದ ಇಳಿಯೋ ಮೂಲ್ಯಾಗ ವಾಯರ್ ಕಾಟಕೋನಕ್ಕ ಮಡಚೈತಿ. ಅಲ್ಲಿ ಕ್ಲಿಪ್ ಕಿತ್ತು, ಬಳಿ ಹಂಗ ದುಂಡಗ ಬಾಗಿಸಿ ಮತ್ತ ಹೊಡೀರಿ.

ಮಾಳಮಡ್ಡಿ ಅಕ್ಕ

ಈಗಷ್ಟ ಮಾಡಿದ್ವಿ ಅಣ್ಣಾವ್ರ. ಅತ್ತಿಯವರು ತಮ್ಮ ಬಳಿ ತಗದು ಅಲ್ಲಿ ಹಿಡದು ಅಳತಿ ತೋರಿಸಿದ್ರು.